ಸೌಟು ಹಿಡಿದವನಿಗೆ ಎಲೆಯಿಲ್ಲ

ಆ ಊರಲ್ಲಿ ಯಾರೂ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಊರ ನಡುವೆ ಒಂದು ಉದ್ದನೆಯ ಚಾವಡಿ. ಕಲ್ಲಿನ ಕಂಬ, ಸಗಣಿ ಸಾರಿಸಿದ ನೆಲ. ಹೊತ್ತು ನೆತ್ತಿಗೆ ಬಂದಾಗ ಎಲ್ಲರೂ ಬಂದು ಎದುರುಬದುರು ಎರಡು ಸಾಲು ಕೂರುತ್ತಿದ್ದರು. ಒಂದು ಹಂಡೆ. ಒಂದು ಸೌಟು. ಸೌಟು ದಿನಕ್ಕೊಂದು ಮನೆಯದು.

ಕಟ್ಟಳೆ ಇಷ್ಟೇ. ಸೌಟು ಹಿಡಿದವರು ಕೂರುವ ಹಾಗಿಲ್ಲ. ಕೂತವರು ಸೌಟು ಹಿಡಿಯುವ ಹಾಗಿಲ್ಲ. ಸೌಟು ಹಿಡಿದವನಿಗೆ ಅವತ್ತು ಎಲೆಯಿಲ್ಲ, ಅವತ್ತು ಅವನಿಗೆ ಉಪವಾಸ. ಮಾರನೆಯ ದಿನ ಸೌಟು ಪಕ್ಕದ ಮನೆಗೆ ಹೋಗುತ್ತಿತ್ತು. ಇವನು ಬಂದು ಸಾಲಿನಲ್ಲಿ ಕೂರುತ್ತಿದ್ದ. ಹಸಿದವನೇ ಬಡಿಸುತ್ತಿದ್ದುದರಿಂದ ಯಾರ ಎಲೆಗೂ ಕಮ್ಮಿ ಬೀಳುತ್ತಿರಲಿಲ್ಲ. ಸಾಕಾದವರು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕೈ ಅಡ್ಡ ಬಂದರೆ ಸೌಟು ಮುಂದಕ್ಕೆ.

ಸತ್ತವರ ಜಾಗವನ್ನು ಯಾರೂ ತುಂಬುತ್ತಿರಲಿಲ್ಲ. ಅಲ್ಲೊಂದು ಎಲೆ ಹಾಕಿ, ಅದಕ್ಕೆ ನೀರು ಚಿಮುಕಿಸಿ, ಆಮೇಲೆ ತುತ್ತು ಎತ್ತುತ್ತಿದ್ದರು. ಬರೀ ನೀರು. ಅನ್ನ ಇಡುತ್ತಿರಲಿಲ್ಲ. ಬದುಕಿದ್ದವರನ್ನು ಕೆಲಸದಿಂದ ಕರೆಯುತ್ತಿದ್ದರು, ಸತ್ತವರನ್ನು ಹೆಸರಿನಿಂದ.

ಊರಿಗೆಲ್ಲ ಎಲೆ ಹಚ್ಚಿ ಕೊಡುವವನು ಒಬ್ಬನಿದ್ದ. ಎಲೆಯವನು ಅನ್ನುತ್ತಿದ್ದರು. ಗುಡ್ಡಕ್ಕೆ ಹೋಗಿ ಮುತ್ತುಗದ ಎಲೆ ತರುವುದು, ಕಡ್ಡಿ ಸೀಳುವುದು, ಕೂತು ಹಚ್ಚುವುದು. ಅವನ ಹೆಂಡತಿಯೂ ಪಕ್ಕದಲ್ಲಿ ಕೂತು ಹಚ್ಚುತ್ತಿದ್ದಳು. ಎಲ್ಲ ಎಲೆಗಳನ್ನೂ ಅವುಗಳ ನುಣುಪಾದ ಹೊಟ್ಟೆ ಮೇಲೆ ಬರುವ ಹಾಗೆ ಹಚ್ಚುವುದು ರೂಢಿ. ಅವಳು ತನ್ನದಕ್ಕೆ ಮಾತ್ರ ಅಂಚಿನ ಒಂದು ಎಲೆಯನ್ನು ಮಗುಚಿ, ಬೆನ್ನು ಮೇಲೆ ಮಾಡಿ ಹಚ್ಚುತ್ತಿದ್ದಳು.

"ಯಾಕೆ ಹಂಗೆ?" ಅಂದರೆ,

"ನಂದು ಅಂತ ಗೊತ್ತಾಗಲಿ" ಅನ್ನುತ್ತಿದ್ದಳು.

ಚಾವಡಿಯಲ್ಲಿ ಅವನ ಎಡಕ್ಕೆ ಕೂರುತ್ತಿದ್ದಳು. ತನ್ನ ಎಲೆಯ ಉಪ್ಪಿನಕಾಯಿ ಹೋಳನ್ನು ಬೆರಳ ತುದಿಯಲ್ಲಿ ಅವನ ಎಲೆಗೆ ದಾಟಿಸುತ್ತಿದ್ದಳು. ಮಾತಿಲ್ಲ. ಅವನ ಕಡೆ ನೋಡುತ್ತಲೂ ಇರಲಿಲ್ಲ.

ಹೊಳೆ ಆಚೆ ದೊಡ್ಡ ಯುದ್ಧವಾಯಿತು. ಯಾರು ಯಾರ ಮೇಲೆ ಅಂತ ಊರವರಿಗೆ ಸರಿಯಾಗಿ ತಿಳಿಯಲಿಲ್ಲ. ಗಂಡಸರು ಹೋದರು. ಕೆಲವರು ಬಂದರು. ಬಂದವರ ಹಿಂದೆ ಜ್ವರ ಬಂತು. ಆ ಜ್ವರಕ್ಕೆ ಎಲೆಯವನ ಹೆಂಡತಿ ಹೋದಳು. ಹೋದ ಮೇಲೆ ಅವಳಿಗೆ ಹೆಸರು ಬಂತು. ಕೆಂಪಾಜಿ.

ಅವನು ದಿನಾ ಬೆಳಿಗ್ಗೆ ಒಂದು ಎಲೆಯನ್ನು ಅವಳ ಹಾಗೆ ಹಚ್ಚಿದ. ಬೆನ್ನು ಮೇಲೆ ಮಾಡಿ. ತನ್ನ ಎಡಕ್ಕೆ ಹಾಕಿದ. ನೀರು ಚಿಮುಕಿಸಿದ. ಉಂಡ. ಬಲಗೈ ಬಾಯಿಗೆ ಹೋಗುತ್ತಿತ್ತು, ಕಣ್ಣು ಎಡಕ್ಕೆ.

ಸಾಲಿನಲ್ಲಿ ಜನಕ್ಕಿಂತ ಬರಿಯೆಲೆಯೇ ಜಾಸ್ತಿಯಾಯಿತು. ಒಬ್ಬರ ಪಕ್ಕಕ್ಕೆ ಒಬ್ಬರಿಲ್ಲ. ಮಾತಾಡಬೇಕಾದರೆ ಕೂಗಬೇಕು. ಕೂಗಿದ್ದು ಜಗಳವಾಗುತ್ತಿತ್ತು. ಸೌಟಿನ ಸರದಿ ಬಂದ ಮನೆಗಳಲ್ಲಿ ಸೌಟು ಎತ್ತುವ ಕೈಗಳೇ ಇರಲಿಲ್ಲ. ಮಗ್ಗದ ಮುದುಕಿ ಸರದಿ ಬಂದಾಗ ಎರಡೂ ಕೈಯಲ್ಲಿ ಸೌಟು ಹಿಡಿದು ನಡುಗುತ್ತಾ ಬಡಿಸಿದಳು.

"ಅಜ್ಜಿ, ನಮ್ಮ ಕಡೆ ಬರೀ ನೀರು ಬಂತು."

"ನಿನಗೆ ನೀರಾದರೂ ಬಂತಲ್ಲ. ನಮ್ಮ ಕಡೆ ಸೌಟಿನ ಸದ್ದು ಬಂತು."

"ಎದುರು ಸಾಲಿನವರಿಗೆ ನೋಡು, ತಳದ ಗಟ್ಟಿ."

"ನನ್ನ ಎಲೆ ಯಾಕೋ ನೋಡ್ತೀಯ? ನಿನ್ನ ಎಲೆ ನೋಡ್ಕೋ."

ಹಿಂದೆ ಆ ಊರಲ್ಲಿ ಪಕ್ಕದವರ ಎಲೆ ನೋಡಿದವರಿರಲಿಲ್ಲ. ಈಗ ತನ್ನ ಎಲೆ ನೋಡಿದವರಿಲ್ಲ.

ಯುದ್ಧದಿಂದ ಬಂದವರ ಜೊತೆ ಹೊರಗಿನವನೊಬ್ಬ ಬಂದಿದ್ದ. ಅವನಿಗೆ ಮನೆಯಿಲ್ಲ, ಮಡದಿಯಿಲ್ಲ, ಸತ್ತವರೂ ಇಲ್ಲ. ಕಂಬಕ್ಕೆ ಒರಗಿಕೊಂಡು ಈ ಜಗಳವನ್ನೆಲ್ಲ ಕೇಳುತ್ತಿದ್ದ. ಒಂದು ದಿನ ಎದ್ದು ಬಂದು ಮುದುಕಿಯ ಕೈ ಹಿಡಿದ.

"ನಿನ್ನ ಕೈ ಸೋತಿದೆ ಅಜ್ಜಿ. ಎಲ್ಲರ ಕೈಯೂ ಸೋತಿದೆ. ಇವತ್ತೊಂದು ದಿನ ನನಗೆ ಕೊಡು."

ಮುದುಕಿ ಕೊಟ್ಟಳು. ಕೊಟ್ಟು ಉಸ್ಸಪ್ಪ ಅಂದು ಕೂತಳು.

ಅವನ ಕೈ ನಡುಗುತ್ತಿರಲಿಲ್ಲ. ಸೌಟು ಎತ್ತಿದರೆ ಒಂದು ಅಗುಳೂ ಕೆಳಗೆ ಬೀಳುತ್ತಿರಲಿಲ್ಲ. ಸಾಲು ಹಿಡಿದು ಬಂದ. ಎಲೆಯವನ ಎಡಕ್ಕೆ ಬಂದು ನಿಂತ.

"ಇದು ಯಾರ ಜಾಗ ಅಣ್ಣ?"

"ಕೆಂಪಾಜಿ. ನನ್ನವಳು."

"ಕೆಂಪಾಜಕ್ಕ" ಅಂದ ಅವನು, ತಲೆ ಬಗ್ಗಿಸಿ. ಒಂದು ಸೌಟು ಅನ್ನ ತೆಗೆದು ಆ ಬರಿಯೆಲೆಗೆ ಹಾಕಿದ. ಅಂಚಿಗೆ ಒಂದು ಉಪ್ಪಿನಕಾಯಿ ಹೋಳನ್ನೂ ಇಟ್ಟ.

ಮುದುಕಿ ಅಂದಳು: "ಸತ್ತವರಿಗೆ ಅನ್ನ ಇಡಬಾರದು ತಮ್ಮ. ನೀರು ಮಾತ್ರ."

"ಯಾಕೆ ಅಜ್ಜಿ? ಅವರಿಗೆ ಹಸಿವಿಲ್ಲ ಅಂತ ನೋಡಿಕೊಂಡು ಬಂದವರು ಯಾರು?"

ಯಾರೂ ನೋಡಿಕೊಂಡು ಬಂದಿರಲಿಲ್ಲ. ಅವನು ಮುಂದಕ್ಕೆ ಹೋದ. ಸತ್ತ ಒಬ್ಬೊಬ್ಬರ ಹೆಸರು ಕೇಳಿದ, ಹೆಸರು ಹೇಳಿದ, ಅನ್ನ ಹಾಕಿದ. ಕೆಂಪಾಜಿಯ ಎಲೆಯಿಂದ ಹಬೆ ಏಳುತ್ತಿತ್ತು. ಆ ಹಬೆಯಲ್ಲಿ ಯಾರೋ ಎಲೆಗೆ ಬಗ್ಗಿದ ಹಾಗಿತ್ತು. ಎಲೆಯವನು ಅತ್ತ. ಊರೆಲ್ಲ ಅತ್ತಿತು.

ಮಾರನೆಯ ದಿನ ಸೌಟು ಪಕ್ಕದ ಮನೆಗೆ ಹೋಗಬೇಕಿತ್ತು. ಆ ಮನೆಯವಳು, "ನನ್ನ ಸರದಿಯನ್ನೂ ಅವನೇ ಮಾಡಲಿ" ಅಂದಳು. ಅದರ ಮಾರನೆಯ ದಿನ ಸರದಿ ಯಾರದು ಅಂತ ಯಾರೂ ಕೇಳಲಿಲ್ಲ. ಹೀಗೆ ಅವನು ಬಡಿಸುವವನಾದ. ಮೊದಲು ಅವನನ್ನು ತಮ್ಮ ಅಂದರು. ಆಮೇಲೆ ಅಣ್ಣ ಅಂದರು. ಆಮೇಲೆ ಅಪ್ಪ ಅಂದರು.

ಸೌಟು ಹಿಡಿದವನಿಗೆ ಎಲೆಯಿಲ್ಲ. ದಿನಾ ಸೌಟು ಹಿಡಿದವನಿಗೆ ಯಾವತ್ತೂ ಎಲೆಯಿಲ್ಲ.

"ಪಾಪ, ನಮಗೋಸ್ಕರ ದಿನಾ ಉಪವಾಸ."

"ಉಪವಾಸ ಇದ್ದೂ ಮೈ ಹೇಗೆ ತುಂಬಿಕೊಂಡಿದೆ ನೋಡು."

"ಅದು ಉಪವಾಸದ ಕಳೆ ಕಣೆ. ನಮ್ಮಂಥವರಿಗೆ ಬರೋದಲ್ಲ."

ಊಟವಾದ ಮೇಲೆ ಸತ್ತವರ ಎಲೆಗಳನ್ನು ಅವನೇ ಎತ್ತುತ್ತಿದ್ದ. "ನೀವು ಮುಟ್ಟಬೇಡಿ. ಮುಟ್ಟಿದರೆ ದುಃಖ ಉಕ್ಕಿ ಬರ್ತದೆ. ಆ ಕೆಲಸ ನನಗಿರಲಿ" ಅನ್ನುತ್ತಿದ್ದ. ಅವರ ದುಃಖವನ್ನೂ ಅವನೇ ಹೊತ್ತ ಅಂತ ಜನ ಮತ್ತೂ ಅತ್ತರು.

ಆದರೆ ಹಂಡೆ ದೊಡ್ಡದಾಗಲಿಲ್ಲ. ಸತ್ತವರಿಗೆ ಒಂದೊಂದು ಸೌಟು ಹೋದರೆ ಇರುವವರಿಗೆ ಅಷ್ಟು ಕಮ್ಮಿ. ಹೊಟ್ಟೆ ಅರ್ಧ ಖಾಲಿಯಾಗಿಯೇ ಜನ ಏಳುತ್ತಿದ್ದರು. ಒಂದು ದಿನ ಬಡಿಸುವವನು ಸಾಲುಗಳ ನಡುವೆ ನಿಂತು ಸೌಟು ಎತ್ತಿ ಹಿಡಿದ.

"ಹಂಡೆ ಅಷ್ಟೇ ಇದೆ. ನಿಮ್ಮ ಸತ್ತವರ ಎಲೆ ಬರಿದಾಗಲಾ?"

"ಬೇಡ!"

"ಹಾಗಾದರೆ ಯಾರ ಎಲೆಯಿಂದ ತೆಗೆಯಲಿ?"

ಯಾರೂ ಬಾಯಿ ಬಿಡಲಿಲ್ಲ. ಬಡಿಸುವವನು ಬಾಯಿಗಳನ್ನು ನೋಡುತ್ತಿರಲಿಲ್ಲ. ಕಣ್ಣುಗಳನ್ನು ನೋಡುತ್ತಿದ್ದ.

ಎಲೆಯವನ ಕಣ್ಣು ಎದುರು ಸಾಲಿನಲ್ಲಿತ್ತು. ಅಲ್ಲಿ ಉಪ್ಪಿನವನು ಮತ್ತು ಉಪ್ಪಿನವಳು ಕೂರುತ್ತಿದ್ದರು. ಬಹಳ ಹಿಂದೆ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಹೊಳೆ ದಾಟಿ ಬಂದು ಇಲ್ಲೇ ನಿಂತವರು. ಇಬ್ಬರೂ ಬದುಕಿದ್ದರು. ಅವರ ನಡುವೆ ಬರಿಯೆಲೆ ಇರಲಿಲ್ಲ. ಉಪ್ಪಿನವಳು ತನ್ನ ಎಲೆಯ ಹೋಳನ್ನು ಬೆರಳ ತುದಿಯಲ್ಲಿ ಗಂಡನ ಎಲೆಗೆ ದಾಟಿಸಿದಳು. ಅವನ ಕಡೆ ನೋಡಲೂ ಇಲ್ಲ.

ಎಲೆಯವನ ಹೊಟ್ಟೆಯಲ್ಲಿ ಅನ್ನದ ಜಾಗದಲ್ಲಿ ಕೆಂಡ ಕೂತಿತು. ಜ್ವರ ಇವನ ಮನೆಗೆ ಬಂತು. ಎದುರಿನ ಮನೆಗೆ ಹೋಗಲಿಲ್ಲ. ಎರಡು ಮನೆಗೂ ಒಂದೇ ಬೀದಿ.

ಬಡಿಸುವವನು ಆ ನೋಟದ ದಾರಿ ಹಿಡಿದು ಹೋಗಿ ಉಪ್ಪಿನವನ ಮುಂದೆ ನಿಂತ.

"ಉಪ್ಪಿನವನೇ, ನಿನ್ನ ಮನೆಯಲ್ಲಿ ಯಾರು ಹೋದರು?"

"ಒಂದು ಕತ್ತೆ ಹೋಯಿತು ಕಣಪ್ಪ. ಅದಕ್ಕೂ ಒಂದು ಎಲೆ ಹಾಕಿಸಲಾ? ಎಲೆ ಸಮೇತ ತಿಂದುಬಿಡ್ತದೆ, ಎತ್ತೋ ಕೆಲಸ ನಿನಗಿಲ್ಲ."

ಹಿಂದೆ ಆಗಿದ್ದರೆ ಎರಡು ಸಾಲೂ ನಕ್ಕು ಉರುಳುತ್ತಿದ್ದವು. ಉಪ್ಪಿನವನ ಮಾತಿಗೆ ನಕ್ಕು ಕೆಂಪಾಜಿಗೆ ಎಷ್ಟೋ ಸಲ ತುತ್ತು ನೆತ್ತಿಗೆ ಹತ್ತಿತ್ತು. ಈಗ ಯಾರೂ ನಗಲಿಲ್ಲ.

"ಎಲ್ಲರ ಮನೆ ಹೊಕ್ಕ ಸಾವು ನಿನ್ನ ಮನೆ ಯಾಕೆ ಹೊಗಲಿಲ್ಲ?"

"ಅದನ್ನ ಸಾವನ್ನೇ ಕೇಳಬೇಕು."

"ಕೇಳಿ" ಅಂದ ಬಡಿಸುವವನು, ಎರಡೂ ಸಾಲಿಗೆ. "ಯಾಕೆ ಹೊಗಲಿಲ್ಲ ಅಂತ ನೀವೂ ಕೇಳಿ."

ಯಾಕೆ ಹೊಗಲಿಲ್ಲ, ಯಾಕೆ ಹೊಗಲಿಲ್ಲ ಅಂತ ಸಾಲು ಗುಜುಗುಜು ಅಂದಿತು. ಅವತ್ತಿನಿಂದ ಅವರಿಬ್ಬರ ಎಲೆಗೆ ಅರ್ಧ ಸೌಟು.

ಅರ್ಧ ಸೌಟು ಕಾಲು ಸೌಟಾಯಿತು. ಎಲೆಯವನು ಎದುರು ಕೂತು ನೋಡಿದ. ಉಪ್ಪಿನವಳು ತನ್ನ ಅನ್ನದಲ್ಲಿ ಒಂದು ಪಾಲನ್ನು ಗಂಡನ ಕಡೆ ಸರಿಸಿದಳು. ಕಮ್ಮಿಯಾದಷ್ಟೂ ಸರಿಸಿದಳು. ಅವರ ಎಲೆ ಬರಿದಾದರೆ ತನ್ನ ಕೆಂಡ ಆರುತ್ತದೆ ಅಂತ ಎಲೆಯವನು ಅಂದುಕೊಂಡಿದ್ದ. ಅದು ಆರಲಿಲ್ಲ, ಹೊತ್ತಿಕೊಂಡಿತು.

ಅವನ ಎಡಕ್ಕೆ ಕೆಂಪಾಜಿಯ ಎಲೆ ತುಂಬಿ ತುಳುಕುತ್ತಿತ್ತು. ಅಲ್ಲಿಂದ ಒಂದು ಅಗುಳೂ ಇವನ ಎಲೆಗೆ ದಾಟಲಿಲ್ಲ.

ಒಂದು ಮಧ್ಯಾಹ್ನ ಬಡಿಸುವವನು ಎಲೆಯವನ ಜಗಲಿಗೆ ಬಂದ. ಬಂದು ನಿಂತೇ ಇದ್ದ, ಸೌಟು ಹೆಗಲ ಮೇಲೆ.

"ಮುಖ ಯಾಕೆ ಬಾಡಿದೆ ಅಣ್ಣ? ಕೆಂಪಾಜಕ್ಕನಿಗೆ ಕಮ್ಮಿ ಆಯಿತಾ?"

"ಇಲ್ಲ."

"ಮತ್ತೆ?"

ಎಲೆಯವನು ಕಡ್ಡಿ ಸೀಳಿದ. ಸೀಳುತ್ತಲೇ ಅಂದ: "ಇನ್ನೂ ಕೊಡ್ತಾಳೆ."

"ಯಾರು?"

"ಉಪ್ಪಿನವಳು. ಗಂಡನಿಗೆ."

"ಇಷ್ಟು ಕಮ್ಮಿ ಹಾಕಿದರೂ?"

"ಕಮ್ಮಿ ಹಾಕಿದಷ್ಟೂ."

ಬಡಿಸುವವನು ಮೃದುವಾಗಿ ಅವನ ಹೆಗಲು ಮುಟ್ಟಿದ. "ನಾಳೆ ಎರಡು ಎಲೆ ಕಮ್ಮಿ ಹಚ್ಚು. ಅಷ್ಟೇ. ಬೇರೆ ಏನೂ ಮಾಡಬೇಡ."

ಬೇರೆ ಏನೂ ಮಾಡಲಿಲ್ಲ. ಎರಡು ಎಲೆ ಕಮ್ಮಿ ಹಚ್ಚಿದ.

ಉಪ್ಪಿನವನೂ ಉಪ್ಪಿನವಳೂ ಚಾವಡಿಗೆ ಬಂದರು. ಅವರ ಜಾಗದಲ್ಲಿ ಬರಿ ನೆಲ. ಉಪ್ಪಿನವಳು ಈಚೆ ಸಾಲಿನ ಕಡೆ ನೋಡಿದಳು.

"ಎಲೆಯಣ್ಣ, ನಮ್ಮ ಎಲೆ?"

ಎಲೆಯವನು ತನ್ನ ಉಗುರು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಎಲೆಯ ಹಸಿರು.

"ಅವನನ್ನ ಕೇಳಬೇಡ" ಅಂದ ಬಡಿಸುವವನು. "ಸತ್ತವರಿಲ್ಲದವರಿಗೆ ಈ ಊರಲ್ಲಿ ಎಲೆಯಿಲ್ಲ."

ಉಪ್ಪಿನವನು ನಗುವವನ ಹಾಗೆ ಬಾಯಿ ತೆರೆದ. "ಸರಿ ಹಾಗಾದರೆ. ನಿನಗೆ ಯಾರಯ್ಯಾ ಸತ್ತಿದ್ದಾರೆ?"

ಒಂದು ಗಳಿಗೆ ಸೌಟು ಗಾಳಿಯಲ್ಲಿ ನಿಂತಿತು. ಆ ಒಂದು ಗಳಿಗೆ ಆ ಪ್ರಶ್ನೆ ಚಾವಡಿಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಆಮೇಲೆ ಬಡಿಸುವವನ ಕಣ್ಣಲ್ಲಿ ನೀರು ಬಂತು.

"ಇವರೆಲ್ಲರ ಸತ್ತವರೂ ನನ್ನವರೇ" ಅಂದ.

ಸಾಲು ಎದ್ದು ನಿಂತಿತು. ಸಾಲು ಎದ್ದದ್ದು ಆ ಊರಲ್ಲಿ ಅದೇ ಮೊದಲು. ಯಾರೋ ದಬ್ಬಿದರು, ಯಾರೋ ಉಗಿದರು. ಉಪ್ಪಿನವನು ಹೊಸ್ತಿಲು ಎಡವಿದ. ಉಪ್ಪಿನವಳು ಅವನ ರಟ್ಟೆ ಹಿಡಿದಳು. ಹಾಗೆಯೇ ಹಿಡಿದುಕೊಂಡು ಊರ ಬಾಗಿಲು ದಾಟಿ ಹೊಳೆಯ ಕಡೆ ಹೋದರು.

ಎಲೆಯವನು ಕಂಬದ ಪಕ್ಕ ನಿಂತು ನೋಡಿದ. ಹೋಗುವಾಗಲೂ ಇಬ್ಬರು. ಅದಕ್ಕೂ ಅವನ ಹೊಟ್ಟೆ ಉರಿಯಿತು.

ಉಪ್ಪಿನವರು ಹೋದರು, ಉಪ್ಪೂ ಹೋಯಿತು. ಸಾರು ಸಪ್ಪೆಯಾಯಿತು. ಸಪ್ಪೆ ಅಂತ ಯಾರೂ ಹೇಳಲಿಲ್ಲ. ಹಂಡೆ ಆಗಲೂ ತುಂಬಲಿಲ್ಲ. ಹಾಗಾಗಿ ಕಣ್ಣುಗಳು ಮತ್ತೆ ಹುಡುಕಾಡಿದವು. ಎಲ್ಲರಿಗೂ ಸತ್ತವರಿದ್ದರು. ಆದರೆ ಎಲ್ಲರಿಗೂ ಅಷ್ಟೇ ಸತ್ತವರಿರಲಿಲ್ಲ.

"ನನಗೆ ಹೋದವನು ಮಗ. ನಿನಗೆ ಬರೀ ಭಾವಮೈದ."

"ನನ್ನ ಭಾವಮೈದ ನಿನ್ನ ಮಗನಿಗಿಂತ ಒಂದು ಮೊಳ ಎತ್ತರ ಇದ್ದ."

"ನನ್ನ ಮಗ ಯುದ್ಧದಲ್ಲಿ ಹೋದ. ನಿನ್ನವನು ಭೇದಿಯಾಗಿ ಹೋದ."

"ಹೆಚ್ಚು ಸತ್ತವರಿರುವ ಮನೆಗೆ ಹೆಚ್ಚು ಗೌರವ" ಅಂದ ಬಡಿಸುವವನು. ಅದನ್ನು ಕೇಳಿ, ಕಮ್ಮಿ ಸತ್ತವರಿದ್ದ ಮನೆಯವರು ತಲೆ ತಗ್ಗಿಸಿದರು. ಒಬ್ಬ ತಾಯಿ ಬದುಕಿ ಬಂದ ಮಗನ ಕಡೆ ನೋಡಿದಳು. ಆ ನೋಟ ಮಗನಿಗೆ ತಿಳಿಯಿತು. ಅವನು ಅಮ್ಮನ ಪಕ್ಕದಿಂದ ಎದ್ದು ಹೋಗಿ ಕಂಬದ ಹಿಂದೆ ಕೂತ.

ಆಗ ಬಡಿಸುವವನು ಹೊಳೆಯ ಮಾತು ತೆಗೆದ.

"ಹೊಳೆ ಆಚೆ ಊರಲ್ಲಿ ಅನ್ನದ ಮೇಲೆ ತುಪ್ಪ ಬೀಳ್ತದಂತೆ. ಯಾರ ತುಪ್ಪ ಅದು?"

ಆ ಊರಲ್ಲಿ ಯಾರೂ ತುಪ್ಪ ಕಳೆದುಕೊಂಡಿರಲಿಲ್ಲ. ಆದರೂ "ನಮ್ಮದು!" ಅಂದರು.

ಪ್ರಾಯದವರು ಬಯಲಿನಲ್ಲಿ ದೊಣ್ಣೆ ಹಿಡಿದು ಸಾಲಾಗಿ ನಡೆಯುವುದನ್ನು ಕಲಿತರು. ಕಂಬದ ಹಿಂದೆ ಕೂತವನು ಎಲ್ಲರಿಗಿಂತ ಮುಂದೆ. ಬಡಿಸುವವನು ಎಲೆಯವನ ಜಗಲಿಗೆ ಬಂದ.

"ಎಲೆ ಜಾಸ್ತಿ ಹಚ್ಚಿಡು."

"ಯಾರಿಗೆ?"

"ಬೇಕಾಗ್ತದೆ."

ಎಲೆಯವನು ಬಯಲಿನ ಕಡೆ ನೋಡಿದ. ದೊಣ್ಣೆಗಳು ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು. ಅವನು ಎಲೆ ಹಚ್ಚಿದ. ಹಚ್ಚಿದ್ದನ್ನು ಕಟ್ಟು ಕಟ್ಟಿ ಗೋಡೆಗೆ ಒಟ್ಟಿದ. ಮನೆಯೊಳಗೆ ಬೆಳಕು ಕಮ್ಮಿಯಾಯಿತು.

ಕೆಂಪಾಜಿ ಹೋದ ತಿಥಿ ಬಂತು. ಅವತ್ತು ಅವಳ ಎಲೆಯನ್ನು ತಾನೇ ಮಡಿಸಬೇಕು ಅಂತ ಎಲೆಯವನಿಗೆ ಮನಸ್ಸಾಯಿತು. ಹಿಂದೆ ಊಟವಾದ ಮೇಲೆ ಅವಳ ಎಲೆಯನ್ನು ಅವನೇ ಮಡಿಸಿ ಎತ್ತುತ್ತಿದ್ದ, ಅವಳು ಸೊಂಟ ಹಿಡಿದು ಏಳುವಷ್ಟರಲ್ಲಿ. ಈಗ ಊಟ ಮುಗಿದು ಜನ ಹೋದ ಮೇಲೆ ಅವನು ಚಾವಡಿಯ ಹಿಂದಕ್ಕೆ ಹೋದ. ಎಂಜಲೆಲೆ ಬಿಸಾಡುವ ಜಾಗ ಅದು. ಹಿಂದೆ ಅಲ್ಲಿ ದನ ಇರುತ್ತಿದ್ದವು. ಈಗ ಇರಲಿಲ್ಲ. ದನಕ್ಕೆ ಏನೂ ಉಳಿಯುತ್ತಿರಲಿಲ್ಲ.

ಬಡಿಸುವವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತೊಡೆಯ ಮೇಲೆ ಸೌಟು. ಸುತ್ತ ಸತ್ತವರ ಎಲೆಗಳು, ಹಬೆ ಆರಿದ ಅನ್ನ. ಅವನು ಉಣ್ಣುತ್ತಿದ್ದ. ನಿಧಾನವಾಗಿ, ಚೆನ್ನಾಗಿ ಕಲಸಿ, ದೊಡ್ಡ ದೊಡ್ಡ ತುತ್ತು ಉಣ್ಣುತ್ತಿದ್ದ. ಮುಂದಿದ್ದ ಎಲೆಯ ಅಂಚಿನಲ್ಲಿ ಒಂದು ಎಲೆ ಬೆನ್ನು ಮೇಲಾಗಿತ್ತು.

"ಅದು ಅವಳ ಎಲೆ" ಅಂದ ಎಲೆಯವನು.

ಬಡಿಸುವವನು ಬೆಚ್ಚಲಿಲ್ಲ. "ಹೌದು. ಗುರುತು ಸಿಗ್ತದೆ. ದಿನಾ ಇದರಿಂದಲೇ ಶುರು ಮಾಡೋದು ನಾನು."

"ಕೂತಿದ್ದೀಯ. ಸೌಟು ಹಿಡಿದು ಕೂತಿದ್ದೀಯ."

"ಹೋಗಿ ಹೇಳು." ಬೆರಳು ಚೀಪಿದ. "ಬಡಿಸುವವನು ನನ್ನ ಹೆಂಡತಿ ಎಲೆಯಿಂದಲೇ ಮೊದಲು ಉಣ್ತಾನೆ ಅಂತ ಊರಿಗೆಲ್ಲ ಹೇಳು. ಅವರಿಗೆ ಸಿಟ್ಟು ಬರ್ತದೆ ಅಂದುಕೊಂಡೆಯಾ? ಹೊಟ್ಟೆ ಉರೀತದೆ ಕಣಣ್ಣ. ನನ್ನ ಮಗನ ಎಲೆ ಯಾಕೆ ಮೊದಲಲ್ಲ ಅಂತ ನಿನ್ನ ಮೇಲೆ ಬೀಳ್ತಾರೆ. ನಿನ್ನ ಕಣ್ಣು ಉಪ್ಪಿನವಳ ಎಲೆ ಮೇಲೆ ಬಿತ್ತಲ್ಲ, ಹಾಗೆ ಊರ ಕಣ್ಣೆಲ್ಲ ನಿನ್ನ ಎಲೆ ಮೇಲೆ ಬೀಳ್ತದೆ. ಕಣ್ಣು ಬಿದ್ದ ಕಡೆ ಸೌಟು ಏನು ಮಾಡ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಂದು, ಎಲೆಯ ಅಂಚಿನಲ್ಲಿದ್ದ ಉಪ್ಪಿನಕಾಯಿ ಹೋಳನ್ನು ಬೆರಳ ತುದಿಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ.

ಅವಳು ಇವನ ಎಲೆಗೆ ದಾಟಿಸಬೇಕಾದ ಹೋಳು. ಅದು ದಿನಾ ಆ ಬಾಯಿಗೆ ಹೋಗುತ್ತಿತ್ತು. ಇವನು ಎದುರು ಸಾಲು ನೋಡಿಕೊಂಡು ಉರಿಯುತ್ತಾ ಕೂತಿದ್ದ ದಿನಗಳಲ್ಲೆಲ್ಲ, ಚಾವಡಿಯ ಹಿಂದೆ ಬಡಿಸುವವನು ಅವಳ ಎಲೆಯಲ್ಲಿ ಉಣ್ಣುತ್ತಿದ್ದ.

ಎಲೆಯವನು ಮನೆಗೆ ಬಂದ. ಒಟ್ಟಿದ ಎಲೆಕಟ್ಟುಗಳ ನಡುವೆ ಕೂತ. ಬೆಳಿಗ್ಗೆಯ ಹೊತ್ತಿಗೆ ಅವಳ ಎಲೆ ಹಚ್ಚಬೇಕು. ಹಚ್ಚಿದರೆ ಅವನು ಉಣ್ಣುತ್ತಾನೆ. ಹಚ್ಚದಿದ್ದರೆ ಅವಳಿಗೆ ಸಾಲಿನಲ್ಲಿ ಜಾಗವಿಲ್ಲ. ಅವಳದು ಅಂತ ಅವನಿಗೆ ಉಳಿದದ್ದು ಆ ಜಾಗ ಒಂದೇ.

ಕೈ ತಾನಾಗಿ ಹಚ್ಚಿತು. ಅಂಚಿನ ಎಲೆಯನ್ನು ಮಗುಚಿ, ಬೆನ್ನು ಮೇಲೆ ಮಾಡಿ ಹಚ್ಚಿತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಒಂದೊಂದೇ ಕಡ್ಡಿ ಎಳೆದ. ಎಲೆಗಳು ಬಿಡಿಬಿಡಿಯಾಗಿ ನೆಲಕ್ಕೆ ಬಿದ್ದವು.

ಮಾರನೆಯ ದಿನ ಚಾವಡಿಯಲ್ಲಿ ಎಲೆಯವನು ತನ್ನ ಜಾಗದಲ್ಲಿ ಕೂತ. ಎಡಕ್ಕೆ ಬರಿ ನೆಲ. ಪಕ್ಕದವರು ನೋಡಿದರು, ಅವರ ಪಕ್ಕದವರು ನೋಡಿದರು. ಬಡಿಸುವವನು ಸಾಲು ಹಿಡಿದು ಬಂದು ನಿಂತ.

"ಅಕ್ಕನ ಎಲೆ ಎಲ್ಲಿ?"

"ಹಾಕಿಲ್ಲ."

"ಮರೆತೆಯಾ?"

"ಇಲ್ಲ."

"ಮತ್ತೆ?"

"ಅವಳು ಸತ್ತಿದ್ದಾಳೆ" ಅಂದ ಎಲೆಯವನು. "ಅವಳಿಗೆ ಹಸಿವಿಲ್ಲ."

ಬಡಿಸುವವನು ಬಂದಾಗಿನಿಂದ ಆ ಚಾವಡಿಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಹೆಸರು ಕರೆದಿದ್ದರು, ಅತ್ತಿದ್ದರು, ಅನ್ನ ಹಾಕಿಸಿದ್ದರು. ನನ್ನವರು ಸತ್ತಿದ್ದಾರೆ, ಅವರಿಗೆ ಹಸಿವಿಲ್ಲ ಅಂದಿರಲಿಲ್ಲ.

"ಕೇಳಿದಿರಾ!" ಅಂದ ಬಡಿಸುವವನು. "ಹೆಂಡತಿಯ ಜಾಗ ಕಿತ್ತವನು!"

ಎಲೆಯವನು ತನ್ನ ಎಲೆಯ ಮೇಲೆ ಕೈ ಅಡ್ಡ ಹಿಡಿದ. "ನನಗೂ ಸಾಕು."

ಕೈ ಅಡ್ಡ ಬಂದರೆ ಸೌಟು ಮುಂದಕ್ಕೆ ಹೋಗಬೇಕು. ಸೌಟು ಮುಂದಕ್ಕೆ ಹೋಗಲಿಲ್ಲ. ಬಡಿಸುವವನು ಕುದಿಯುವ ಸಾರು ತೆಗೆದು ಆ ಕೈಯ ಮೇಲೆ ಸುರಿದ. ಎಲೆಯವನು ಹಲ್ಲು ಕಚ್ಚಿದ. ಕೈ ತೆಗೆಯಲಿಲ್ಲ. ಬಡಿಸುವವನು ಇನ್ನೊಂದು ಸೌಟು ಸುರಿದ.

ಎದುರು ಸಾಲಿನಲ್ಲಿ ಮಗ್ಗದ ಮುದುಕಿಯ ಕೈ ತನ್ನ ಎಲೆಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಪಕ್ಕದಲ್ಲಿದ್ದ, ಅವಳ ಸತ್ತ ಮಗನ ಎಲೆಯನ್ನು ನೋಡಿತು ಅನ್ನುವ ಹಾಗೆ ನಿಂತಿತು. ಆಮೇಲೆ ಮಡಿಲಿಗೆ ವಾಪಸ್ಸು ಹೋಯಿತು.

ಸಾಲು ಎದ್ದಿತು. ಸಾಲಿಗೆ ಈಗ ಏಳುವುದು ಅಭ್ಯಾಸವಾಗಿತ್ತು.

ಎಲೆಯವನು ಊರ ಬಾಗಿಲು ದಾಟಿದ. ಗುಡ್ಡದ ದಾರಿಯಲ್ಲಿ ಮುತ್ತುಗದ ಎಲೆ ಕೊಯ್ದುಕೊಂಡ. ಬಲಗೈ ಬೊಬ್ಬೆ ಎದ್ದಿತ್ತು, ಎಡಗೈಯಲ್ಲಿ ಕೊಯ್ದ. ಹೊಳೆಯ ದಂಡೆಗೆ ಹೋದ.

ದಂಡೆಯಲ್ಲಿ ಒಂದು ಜೋಪಡಿ. ಒಂದು ಕತ್ತೆ. ಮೂರು ಕಲ್ಲಿನ ಒಲೆ.

ಉಪ್ಪಿನವನು ಎದ್ದು ನಿಂತ. ಎಲುಬು ಎಣಿಸಬಹುದಿತ್ತು.

"ಬಂದೆಯಾ? ನಿನ್ನ ಕಣ್ಣು ಬಿದ್ದು ಬಿದ್ದು ನಮ್ಮ ಎಲೆ ತೂತಾಗಿತ್ತು ಕಣಯ್ಯ. ಈಗ ಎಲೆಯೇ ಇಲ್ಲ, ಏನು ನೋಡೋಕೆ ಬಂದೆ?"



"ನಮಗೆ ಎಲೆ ಹಚ್ಚಲಿಲ್ಲ ನೀನು" ಅಂದಳು ಉಪ್ಪಿನವಳು.

"ಹಚ್ಚಲಿಲ್ಲ."

ಅವಳು ಅವನ ಸುಟ್ಟ ಕೈ ನೋಡಿದಳು. ಎಡಗೈಯಲ್ಲಿದ್ದ ಎಲೆ ನೋಡಿದಳು.

"ಈಗ ಹಚ್ಚು" ಅಂದಳು.

ಒಂದು ಕೈಯಲ್ಲಿ ಹಚ್ಚಲು ಆಗಲಿಲ್ಲ. ಅವಳು ಎಲೆ ಒತ್ತಿ ಹಿಡಿದಳು, ಅವನು ಕಡ್ಡಿ ಚುಚ್ಚಿದ. ಸೊಟ್ಟಸೊಟ್ಟ ಮೂರು ಎಲೆಗಳಾದವು. ಒಲೆಯ ಮೇಲಿನ ಗಡಿಗೆಯಲ್ಲಿ ನವಣೆ ಗಂಜಿ ಇತ್ತು. ಸೌಟಿರಲಿಲ್ಲ, ಒಂದು ತೆಂಗಿನ ಚಿಪ್ಪಿತ್ತು. ಎಲೆಯವನು ಚಿಪ್ಪು ಹಿಡಿದ. ಗಂಡಹೆಂಡಿರು ಕೂತರು. ಅವನು ನಿಂತು ಬಡಿಸಿದ.

ಉಪ್ಪಿನವಳು ಎಲೆಯಂಚಿನ ಉಪ್ಪನ್ನು ಬೆರಳ ತುದಿಯಲ್ಲಿ ಗಂಡನ ಎಲೆಗೆ ದಾಟಿಸಿದಳು.

ಎಲೆಯವನ ಹೊಟ್ಟೆ ಉರಿಯಿತು. ಅದು ಇನ್ನೂ ಅಲ್ಲೇ ಇತ್ತು. ಅವನು ಚಿಪ್ಪು ಅದ್ದಿ ಅವಳ ಎಲೆಗೆ ಇನ್ನಷ್ಟು ಗಂಜಿ ಹಾಕಿದ. ಅವಳು ಕೈ ಅಡ್ಡ ಹಿಡಿದಳು. ಅವನು ಚಿಪ್ಪನ್ನು ಹಿಂದಕ್ಕೆ ತೆಗೆದುಕೊಂಡ.

ಹೊಳೆ ಆಚೆ ಊರವರ ಕಡೆಯೂ ಧೂಳೆದ್ದಿತ್ತು. ಊರ ಕಡೆಯಿಂದ ದೊಣ್ಣೆಗಳ ಸದ್ದು ಹತ್ತಿರ ಬರುತ್ತಿತ್ತು. ಊರ ಪ್ರಾಯದವರು ಇದೇ ದಂಡೆಯಲ್ಲಿ ಇಳಿದು ಹೊಳೆ ದಾಟಬೇಕು.

"ಬಂದರೆ?" ಅಂದ ಎಲೆಯವನು.

"ಬಂದವರು ಹಸಿದಿರ್ತಾರೆ" ಅಂದ ಉಪ್ಪಿನವನು. "ಗಡಿಗೆಯಲ್ಲಿ ಇನ್ನೂ ಇದೆಯಾ ನೋಡು."

ಇತ್ತು, ಸ್ವಲ್ಪ.

ಉಪ್ಪಿನವಳು ಎದ್ದು ಅವನ ಕೈಯಿಂದ ಚಿಪ್ಪು ತೆಗೆದುಕೊಂಡಳು. "ಸರದಿ ನಂದು. ನೀನು ಕೂತ್ಕೋ ಅಣ್ಣ."

ಅವನು ಮೂರನೆಯ ಎಲೆಯ ಮುಂದೆ ಕೂತ. ಅವಳು ಬಡಿಸಿದಳು. ಬಡಿಸಿ, ಅವನ ಎಡಕ್ಕೆ ನೋಡಿದಳು.

"ಕೆಂಪಾಜಕ್ಕನಿಗೆ ಎಲೆ?"

"ಬೇಡಮ್ಮ."

ಅವಳು ಹೊಳೆಯಿಂದ ಬೊಗಸೆಯಲ್ಲಿ ನೀರು ತಂದಳು. ಅವನ ಎಡಕ್ಕಿದ್ದ ಬರಿ ಮರಳಿನ ಮೇಲೆ ಚಿಮುಕಿಸಿದಳು. ಬರೀ ನೀರು. ಮರಳು ಕುಡಿಯಿತು.

ಎಲೆಯವನು ಎಡಗೈಯಲ್ಲಿ ಉಂಡ.